ಹಗ್ಗದ ಇನ್ನೊಂದು ತುದಿ

ವಿಭಾಗದ ಕೋಣೆ, ಕಿಟಕಿ ಪಕ್ಕದ ಮೇಜು
ಬುಧವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ನೆಗಡಿ ಇಳಿಯಿತೇ? ಹೋದ ವಾರ ಫೋನಿನಲ್ಲಿ ಮಾತಾಡುವಾಗ ನಿನ್ನ ಮೂಗು ಕಟ್ಟಿರುವುದು ಇಲ್ಲಿಗೇ ತಿಳಿಯುತ್ತಿತ್ತು. ಅವರ ಕಾಲು ಈಗ ಹೇಗಿದೆ? ಪ್ಲಾಸ್ಟರಿನೊಳಗೆ ತುರಿಕೆ ಶುರುವಾಗಿದ್ದರೆ ಮೂಳೆ ಕೂಡುತ್ತಿದೆ ಎಂದು ಅರ್ಥವಂತೆ, ನಿನ್ನ ಮಾಮ ಹೇಳಿದ. ಅವನು ಹಲ್ಲಿನ ಡಾಕ್ಟರು. ಕಾಲಿನ ವಿಷಯದಲ್ಲಿ ಅವನ ಮಾತನ್ನು ಎಷ್ಟು ನಂಬಬೇಕೋ ಅಷ್ಟೇ ನಂಬು. 'ಅವರ' ಎಂದು ಬರೆದು ಮುಂದೆ ಹೋಗುತ್ತಿದ್ದೇನೆ. ಆ ಪದ ಸಾಲದು ಎಂದು ನನಗೂ ಗೊತ್ತು, ಸದ್ಯಕ್ಕೆ ಬೇರೆ ಸಿಕ್ಕಿಲ್ಲ. ನನ್ನ ಆರೋಗ್ಯ ಚೆನ್ನಾಗಿದೆ. ಹಸಿವಾಗುತ್ತದೆ, ನಿದ್ದೆಯೂ ಬರುತ್ತದೆ. ಕೂತಲ್ಲಿ ಕೂರಲಾಗುವುದಿಲ್ಲ ಎನ್ನುವುದೊಂದನ್ನು ಬಿಟ್ಟರೆ ದೂರು ಹೇಳುವಂಥದ್ದೇನೂ ಇಲ್ಲ.

ಕೂರಲಾಗದ ವಿಷಯವನ್ನು ಮಾಮ ನಿನಗೆ ಹೇಗೂ ವರದಿ ಮಾಡಿರುತ್ತಾನೆ. ಕೆಳಗೆ ಅವನ ಕ್ಲಿನಿಕ್ಕು, ಮೇಲೆ ನಾವು. ನಾನು ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ನಿನ್ನ ಕೋಣೆಯ ಬಾಗಿಲಿಗೆ ಓಡಾಡುವುದು ಅವನ ಕುರ್ಚಿಯ ನೆತ್ತಿಯ ಮೇಲೇ. ಭಾನುವಾರ ಮೆಟ್ಟಿಲು ಹತ್ತಿ ಬಂದು, ಒಳಗೆ ಕೂಡ ಬರದೆ, "ಅಕ್ಕ, ಒಂದು ಗಳಿಗೆ ಕೂತ್ಕೋತೀಯಾ? ಹಲ್ಲು ಕೊರೆಯೋ ಮಷೀನಿಗೆ ಹೆದರದವರು ನಿನ್ನ ಹೆಜ್ಜೆ ಸದ್ದಿಗೆ ಹೆದರ್ತಿದಾರೆ. ಮೇಲೆ ಯಾರನ್ನ ಕೂಡಿಹಾಕಿದೀರಿ ಡಾಕ್ಟ್ರೇ ಅಂತ ಕೇಳ್ತಾರೆ" ಎಂದ. ಅವನಿಗೆ ಯಾವ ಚಿಂತೆಯೂ ಇಲ್ಲ. ನೀನು ಬರುತ್ತೀಯೋ ಇಲ್ಲವೋ ಎಂದು ನಾನು ಬಾಯಿಬಿಟ್ಟು ಕೇಳಿಲ್ಲ, ಆದರೂ ಅವನೇ ಉತ್ತರ ಕೊಡುತ್ತಾನೆ: "ಬರ್ತಾಳೆ ಬಿಡು, ಅವಳ ಕೆಳಗಿನ ದವಡೆಗೆ ಕ್ಯಾಪ್ ಹಾಕೋದು ಬಾಕಿ ಇದೆ." ಜಗತ್ತಿನಲ್ಲಿ ಹೊರಟುಹೋದವರೆಲ್ಲ ಹಲ್ಲಿಗಾಗಿಯಾದರೂ ಹಿಂದಿರುಗಲೇಬೇಕು ಎಂಬಂತೆ ಹೇಳುತ್ತಾನೆ.

ಇನ್ನೊಂದು ಸುದ್ದಿ. ನಿನ್ನ ಕಿವಿ ಆಸ್ಪತ್ರೆಯ ದೊಡ್ಡ ಡಾಕ್ಟರು ಸೋಮವಾರ ನನಗೇ ಫೋನ್ ಮಾಡಿದ್ದರು. ನಿನ್ನ ಫೋನು ಸಿಗುತ್ತಿಲ್ಲವಂತೆ. ಕಿವಿಯ ಯಂತ್ರ ಹಾಕಿಸಿಕೊಳ್ಳಲು ಬರುವ ಮುದುಕರೆಲ್ಲ ನಿನ್ನನ್ನೇ ಕೇಳುತ್ತಾರೆ, ಬೇರೆಯವರು ಮುಟ್ಟಿದರೆ ಕಿವಿ ಮುಚ್ಚಿಕೊಳ್ಳುತ್ತಾರೆ ಎಂದು ನಕ್ಕರು. ನಕ್ಕಾದ ಮೇಲೆ, ಈ ತಿಂಗಳ ಕೊನೆಯವರೆಗೆ ಮಾತ್ರ ನಿನ್ನ ಜಾಗ ಖಾಲಿ ಇಡಬಹುದು ಎಂದರು. ನಾನು ಹೇಳುತ್ತೇನೆ ಎಂದೆ. ಹೇಳಿದ್ದೇನೆ. ನೀನು ಸ್ಟೇಷನ್ನಿನಲ್ಲಿ ಆ ದೊಡ್ಡ ಸೂಟ್‌ಕೇಸನ್ನು ಮೇಲೆ ಎಳೆದುಕೊಳ್ಳುತ್ತ, "ನಾಲ್ಕು ದಿನ ಇದ್ದು ಬರ್ತೀನಿ ಮೇಡಮ್ಮ" ಎಂದಿದ್ದೆ. ನಮ್ಮ ಮಾತಿನಲ್ಲಿ ನಾಲ್ಕು ದಿನ ಎಂದರೆ ನಾಲ್ಕು ದಿನವಲ್ಲ ಎಂದು ಪ್ರತಿ ವರ್ಷ ಹುಡುಗರಿಗೆ ಪಾಠ ಮಾಡುವವಳು ನಾನೇ. ಹೆತ್ತಾಕೆಯನ್ನು ಇಷ್ಟು ವರ್ಷಗಳ ಮೇಲೆ ಮೊದಲ ಸಲ ನೋಡಲು ಹೊರಟವಳನ್ನು ಲೆಕ್ಕ ಕೇಳುವಷ್ಟು ಸಣ್ಣವಳಲ್ಲ. ಅವರು ತಮ್ಮ ಹೊಲಿಗೆ ಅಂಗಡಿಯ ಮೆಟ್ಟಿಲಿನಿಂದ ಜಾರಿ ಬೀಳುತ್ತಾರೆಂದು ನಿನಗೂ ಗೊತ್ತಿರಲಿಲ್ಲ. ಇದನ್ನೆಲ್ಲ ನಾನು ಬಲ್ಲೆ. ಬಲ್ಲೆನೆಂದು ಕಾಲುಗಳಿಗೆ ಹೇಳಿದರೆ ಅವು ಕೇಳುವುದಿಲ್ಲ.

ಫೋನು ಬಿಟ್ಟು ಪತ್ರ ಯಾಕೆ ಎನ್ನುತ್ತೀಯ. ಫೋನಿನಲ್ಲಿ ನಾವಿಬ್ಬರೂ 'ಸರಿ' ಎನ್ನುವುದರಲ್ಲೇ ಹೊತ್ತು ಕಳೆಯುತ್ತೇವೆ. ಸರಿ ಮೇಡಮ್ಮ, ಸರಿ ಗುಬ್ಬಿ, ಸರಿ ಇಡ್ತೀನಿ. ಕಾಗದದಲ್ಲಿ ಎದ್ದು ಓಡಾಡಿ ಬಂದು ಮತ್ತೆ ಬರೆಯಬಹುದು. ಈಗ ಎದ್ದು ಹೋಗಿ ನೀರು ಕುಡಿದು ಬಂದೆ, ನಿನಗೆ ಗೊತ್ತಾಯಿತೇ?

ಈ ಸಲದ ಮಕ್ಕಳ ಬಗ್ಗೆ ಹೇಳಬೇಕು. ಮೊದಲ ವರ್ಷದವರು, ಪದವೆಂದರೆ ನಿಘಂಟಿನಲ್ಲಿರುವುದು ಎಂದುಕೊಂಡು ಬಂದವರು. ವೇಳಾಪಟ್ಟಿಯ ಚೌಕದಲ್ಲಿ 'ಸಂಜ್ಞಾನಾತ್ಮಕ ಭಾಷಾವಿಜ್ಞಾನ: ಪ್ರವೇಶ' ಎಂಬುದು ಹಿಡಿಸುವುದಿಲ್ಲವೆಂದು ನಮ್ಮ ಅಟೆಂಡರು ಎಂದಿನಂತೆ 'ಸಂ. ಭಾ.' ಎಂದು ಬರೆದು ಸುಮ್ಮನಾಗಿದ್ದಾರೆ. ಒಬ್ಬ ಹುಡುಗ ಮೊದಲ ದಿನವೇ ಎದ್ದು ನಿಂತು, "ಸಂಭಾವನೆ ಅಂದ್ಕೊಂಡು ಸೇರಿದೆ ಮೇಡಂ, ಈಗ ಬಿಡೋಕಾಗತ್ತಾ?" ಎಂದು ಕೇಳಿದ. ಎಲ್ಲದಕ್ಕೂ ಎದುರು ವಾದ ಹೂಡುತ್ತಾನೆ, ಆದ್ದರಿಂದ ವಕೀಲ ಎಂದೇ ಎಲ್ಲರೂ ಕರೆಯುತ್ತಾರೆ. ಕೂರುವುದು ಹಿಂದಿನ ಬೆಂಚು, ಕಿಟಕಿಯ ಪಕ್ಕ. ನೀನು ಕಾಲೇಜಿನಲ್ಲಿ ಹೀಗೇ ಇದ್ದೆಯೆಂದು ನಿನ್ನ ಮೇಷ್ಟರುಗಳು ಹೇಳುತ್ತಿದ್ದರು.

ಮೊದಲ ತರಗತಿಯಲ್ಲಿ ನಾನು ಹೇಳುವುದು ಎಂದಿನದೇ. ಭಾಷೆ ತಲೆಯೊಳಗೆ ಬೇರೆ ಒಂದು ಪೆಟ್ಟಿಗೆಯಲ್ಲಿ ಬೀಗ ಹಾಕಿಕೊಂಡು ಕೂತಿಲ್ಲ. ನೋಡುವುದು, ಮುಟ್ಟುವುದು, ಎಡವುವುದು, ಹೊರುವುದು, ಇವುಗಳ ಜೊತೆಗೇ ಕಲೆತುಕೊಂಡಿದೆ. ಅರ್ಥ ಪದದ ಒಳಗೆ ಕಾಳಿನಂತೆ ಇರುವುದಿಲ್ಲ. ಪದ ಬಾಗಿಲು ತಟ್ಟುತ್ತದೆ ಅಷ್ಟೇ, ತೆರೆಯಬೇಕಾದವರು ಒಳಗಿರುವವರು. ಇಷ್ಟು ಹೇಳಿ ನನ್ನ ಹಳೆಯ ಉದಾಹರಣೆಯನ್ನು ಕೊಟ್ಟೆ: ಮನೆಗೆ ಬಂದವರು "ಈ ಕೋಣೆ ಸ್ವಲ್ಪ ಸೆಕೆ ಅಲ್ವಾ" ಎಂದರೆ ನೀವು ಏನು ಹೇಳುತ್ತೀರಿ? ಮುಂದಿನ ಬೆಂಚಿನವರು ಒಬ್ಬೊಬ್ಬರೇ ಉತ್ತರ ಕೊಟ್ಟರು. ಹೌದು ಅಂತೀವಿ, ಈ ವರ್ಷ ಸೆಕೆ ಜಾಸ್ತಿ ಅಂತೀವಿ, ಮೇಲಿನ ಮಹಡಿ ಅಲ್ವಾ ಅದಕ್ಕೆ ಅಂತೀವಿ. ವಕೀಲನ ಸರದಿ ಬಂತು. ಎದ್ದು ಕಿಟಕಿ ತೆಗೆದು ಕೂತ. ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆಗೆ ಯಾರೂ ಹಾಗೆ ಉತ್ತರ ಕೊಟ್ಟಿರಲಿಲ್ಲ. ನಾನು ಮೆಚ್ಚಿಕೊಂಡೆ, ಮುಂದಿನ ಪಾಠಕ್ಕೆ ಹೋದೆ.

ಎರಡನೆಯದು ಮೈಯ ತರಗತಿ. ಸಿಟ್ಟು ಎಲ್ಲಿರುತ್ತದೆ, ದುಃಖ ಎಲ್ಲಿರುತ್ತದೆ, ಕೈಯಿಟ್ಟು ತೋರಿಸಿ ಎನ್ನುತ್ತೇನೆ. ನೆತ್ತಿಗೇರುವ ಸಿಟ್ಟು, ಹೊಟ್ಟೆಯಲ್ಲಿ ಉರಿಯುವ ಅಸೂಯೆ, ಹೆಗಲ ಮೇಲೆ ಕೂರುವ ಜವಾಬ್ದಾರಿ, ಎದೆಯ ಮೇಲಿನ ಭಾರ. ಯಾರೂ ಕಲಿಸದೆ ಎಲ್ಲರೂ ಅದದೇ ಜಾಗ ಮುಟ್ಟಿಕೊಳ್ಳುವುದನ್ನು ನೋಡುವುದೇ ಒಂದು ಸುಖ. ವಕೀಲ ತನ್ನ ಅಪ್ಪನ ಸಿಟ್ಟು ಮೂಗಿನ ತುದಿ ಬಿಟ್ಟು ಮೇಲೇರಿದ್ದೇ ಇಲ್ಲ, ಹತ್ತುವ ಮೊದಲೇ ಖರ್ಚಾಗಿಹೋಗುತ್ತದೆ ಎಂದು ನಗಿಸಿದ. ಒಬ್ಬ ಹುಡುಗಿ, ಮಾತು ಕಡಿಮೆಯವಳು, 'ಹೆತ್ತ ಕರುಳು' ಎಂದಳು. ಅದನ್ನು ಬೋರ್ಡಿನ ಮೇಲೆ ಬರೆಯಬೇಕಿತ್ತು, ಬರೆದೆ. ಒಳ್ಳೆಯ ಉದಾಹರಣೆ. ಮಗುವಿನ ಮೇಲಿನ ಸಂಕಟ ಹೊಟ್ಟೆಯ ಒಳಗೆ, ಮಗು ಇದ್ದ ಜಾಗದ ಪಕ್ಕದಲ್ಲೇ ಇರುತ್ತದೆ ಎಂದು ನಮ್ಮ ಭಾಷೆ ಯಾವತ್ತೋ ತೀರ್ಮಾನ ಮಾಡಿಬಿಟ್ಟಿದೆ. ಸೀಮೆಸುಣ್ಣ ಮುರಿಯಿತು. ತುಂಡು ಹುಡುಕಲು ಬಗ್ಗಿದವಳು ಯೋಚಿಸುತ್ತಿದ್ದೆ: ಅಲ್ಲಿ ಯಾರೂ ಇರದಿದ್ದವಳಿಗೆ ಅದು ಎಲ್ಲಿರುತ್ತದೆ? ನನ್ನದು ಅಂಗಾಲಿನಲ್ಲಿದೆ, ಗುಬ್ಬಿ. ಇದನ್ನು ತರಗತಿಯಲ್ಲಿ ಹೇಳಲಿಲ್ಲ. ಯಾವ ನುಡಿಗಟ್ಟೂ ನನ್ನ ಪರ ಸಾಕ್ಷಿ ಹೇಳುವುದಿಲ್ಲ.

ಅದರ ಮರುದಿನ ನಿನ್ನ ಫೋನು ಬಂತು. ನೀನು ಹೇಳಿದ್ದೆಲ್ಲ ನೆನಪಿದೆ: ದಿನವಿಡೀ ಅವರ ಮಿಷಿನಿನ ಪೆಡಲು ತುಳಿದು ತುಳಿದು ಕಾಲು ಜೋಮು ಹಿಡಿಯುತ್ತದೆ, ಗಿರಾಕಿಗಳು ಬಾಗಿಲಲ್ಲೇ ನಿಂತು ಬಟ್ಟೆ ಕೇಳುತ್ತಾರೆ, ಅವರು ಮಂಚದ ಮೇಲಿಂದಲೇ ಹೀಗೆ ಮಡಿಚು, ಹಾಗೆ ತಿರುಗಿಸು ಎನ್ನುತ್ತಾರೆ. ಒಂದು ಗುಂಡಿ ಹೊಲಿದುಕೊಳ್ಳದೆ ಪಿನ್ನು ಚುಚ್ಚಿಕೊಂಡು ಆಸ್ಪತ್ರೆಗೆ ಹೋಗುತ್ತಿದ್ದವಳು ಬಟ್ಟೆ ಹೊಲಿಯುವುದನ್ನು ನೆನೆದು ನಗುವೂ ಬಂತು. ಆಮೇಲೆ ನೀನು, "ಇಲ್ಲಿ ಸಂಜೆ ಆದ್ರೆ ತುಂಬಾ ಚಳಿ ಮೇಡಮ್ಮ. ನನ್ನ ಬೂದು ಶಾಲು ಎಲ್ಲಿದೆ ನೋಡು" ಎಂದೆ. ನಾನು ಬಾಗಿಲ ಹಿಂದಿನ ಮೊಳೆಗೆ ಇದೆ ಎಂದೆ. ಅಷ್ಟು ಎತ್ತರದ ಊರಿನಲ್ಲಿ ಈ ತಿಂಗಳು ಚಳಿ ಇದ್ದೇ ಇರುತ್ತದೆ ಎಂದೂ ಹೇಳಿದೆ. ನೀನು "ಹೌದಾ" ಎಂದೆ. ಅಷ್ಟರಲ್ಲಿ ಒಳಗಿನಿಂದ ಯಾರೋ ಕೂಗಿದರು, ನೀನು ಫೋನನ್ನು ಸ್ವಲ್ಪ ದೂರ ಹಿಡಿದು, "ಬಂದೆ ಅಮ್ಮಾ" ಎಂದೆ.

ಆಮೇಲೆ ನೀನು ಮಾತಾಡಿದ್ದು ನನಗೆ ಕೇಳಲಿಲ್ಲ. ಕೇಳಿಸಿತು, ಆದರೆ ಒಂದು ಪದವೂ ಒಳಗೆ ಇಳಿಯಲಿಲ್ಲ. ಆ ಒಂದು ಕರೆಯನ್ನೇ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಎಷ್ಟು ಸಲೀಸಾಗಿ ಬಂತು, ಮೊದಲ ಸಲವೋ ಅಭ್ಯಾಸವಾಗಿಹೋಗಿದೆಯೋ, ಕೊನೆಯ ಅಕ್ಷರ ಎಷ್ಟು ಉದ್ದ ಎಳೆದೆ, ಇಂಥದ್ದೆಲ್ಲ. ನನ್ನ ಕಸುಬಿನ ಕಾಯಿಲೆ ನಿನಗೆ ಗೊತ್ತಿದೆ. ತರಕಾರಿಯವನು ದಿನಾ ನನ್ನನ್ನು ಅಮ್ಮ ಎನ್ನುತ್ತಾನೆ, ಬಸ್ಸಿನ ಕಂಡಕ್ಟರು ಅಮ್ಮ ಒಳಗೆ ಹೋಗಿ ಎನ್ನುತ್ತಾನೆ. ದಾರಿಯಲ್ಲಿ ಚೆಲ್ಲಿದಂತೆ ಸಿಗುವ ಪದ. ನಮ್ಮ ಮನೆಯಲ್ಲಿ ಮಾತ್ರ ಅದು ಯಾರೂ ಕೂರದ ಕುರ್ಚಿಯಂತೆ ಇತ್ತು. ನೀನು ಐದು ತುಂಬದವಳಾಗಿ ಬಂದಾಗ ನಾನೇ ಹಾಗೆ ಇಟ್ಟೆ. ಆ ಪದವನ್ನು ನೀನು ಬೇರೆ ಯಾರಿಗೋ ಕೊಟ್ಟು ಬಂದಿದ್ದೀಯೆಂದು ನಿನ್ನನ್ನು ನನಗೆ ಒಪ್ಪಿಸಿದ ಮಕ್ಕಳ ಆಶ್ರಮದವರು ಹೇಳಿದ್ದರು, ಕಿತ್ತು ಕೊಡಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಬಹಳ ದಿನ ನೀನು ನನ್ನನ್ನು ಏನೂ ಕರೆಯಲಿಲ್ಲ, ಸೆರಗು ಎಳೆಯುತ್ತಿದ್ದೆ ಅಷ್ಟೇ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ನಿನ್ನನ್ನು ತರಗತಿಗೇ ಕರೆದುಕೊಂಡು ಹೋಗುತ್ತಿದ್ದೆನಲ್ಲ, ಅಲ್ಲಿ ಎಲ್ಲರೂ ಮೇಡಂ ಎನ್ನುವುದನ್ನು ಕೇಳಿ, ಒಂದು ಮಧ್ಯಾಹ್ನ ನೀನು ಬಸ್ಸಿನಲ್ಲಿ ತೂಕಡಿಸುತ್ತ ಎರಡನ್ನೂ ಸೇರಿಸಿ 'ಮೇಡಮ್ಮ' ಎಂದೆ. ಪಕ್ಕದವರು ನಕ್ಕರು. ನಾನು ನಗಲಿಲ್ಲ. ನನಗೆ ಸಿಕ್ಕ ಅರ್ಧದಲ್ಲಿ ನನಗೆ ಏನೂ ಕಡಿಮೆ ಎನಿಸಿರಲಿಲ್ಲ. ಇಷ್ಟು ವರ್ಷ ಎನಿಸಿರಲಿಲ್ಲ.

ಇದನ್ನು ಓದಿ ಮುಖ ಸೊಟ್ಟ ಮಾಡಬೇಡ. ನೀನು ಯಾರನ್ನು ಏನೆಂದು ಕರೆದರೂ ಅದು ನಿನ್ನ ಬಾಯಿ. ನಾನು ಕೇಳುತ್ತಿರುವುದು ಅದನ್ನಲ್ಲ. ನಾನು ಕೇಳಬೇಕೆಂದಿರುವುದು ತಿಂಗಳ ಕೊನೆಯ ಮಾತು. ಅದನ್ನು ಕೇಳುವ ಹಕ್ಕು ನನಗೆ ಇದೆಯೋ ಎಂದು ಗೊತ್ತಿಲ್ಲದೆ ಎದ್ದು ಓಡಾಡುತ್ತೇನೆ.

ಮೂರನೆಯದು ಕಾಲದ ತರಗತಿ, ನಿನ್ನೆ. ಕಾಲವನ್ನು ಯಾರೂ ಕಂಡಿಲ್ಲ, ಆದ್ದರಿಂದ ದಾರಿಯ ಮಾತಿನಲ್ಲೇ ಅದನ್ನು ಆಡುತ್ತೇವೆ ಎಂದು ವಿವರಿಸಿದೆ. 'ತಿಂಗಳ ಕೊನೆ ಹತ್ತಿರ ಬಂತು' ಎನ್ನುವಾಗ ನಾವು ನಿಂತಿರುತ್ತೇವೆ, ಅದು ನಮ್ಮ ಕಡೆ ನಡೆದು ಬರುತ್ತದೆ. 'ತಿಂಗಳ ಕೊನೆಗೆ ಬಂದುಬಿಟ್ಟೆವು' ಎನ್ನುವಾಗ ಅದು ಮೈಲಿಗಲ್ಲಿನಂತೆ ನಿಂತಿರುತ್ತದೆ, ನಡೆಯುವವರು ನಾವು. ಬಾಯಲ್ಲಿ ಹೇಳಿದರೆ ಮಕ್ಕಳಿಗೆ ನಾಟುವುದಿಲ್ಲ, ಆಡಿಸಬೇಕು. ವಕೀಲನನ್ನು ತಿಂಗಳ ಕೊನೆ ಮಾಡಿ ಬೋರ್ಡಿನ ಹತ್ತಿರ ನಿಲ್ಲಿಸಿದೆ. ಉಳಿದವರು ಬಾಗಿಲ ಬಳಿ. ಮೊದಲು ಅವನು ಅವರ ಕಡೆ ನಡೆಯಬೇಕು, ಆಮೇಲೆ ಅವರು ಅವನ ಕಡೆ. ಅವನು ಕೈಕಟ್ಟಿಕೊಂಡು ಗೋಡೆಗೆ ಒರಗಿ, "ನಾನು ಬರಲ್ಲ ಮೇಡಂ. ಬೇಕಾದವರು ಬರಲಿ" ಎಂದ. ಇಡೀ ತರಗತಿ ಚಪ್ಪಾಳೆ ತಟ್ಟಿತು. ಹೊರಗೆ ಬಂದು ಕಾರಿಡಾರಿನ ತುದಿಯವರೆಗೆ ಹೋಗಿ, ಯಾವ ಕೆಲಸಕ್ಕೆ ಹೊರಟಿದ್ದೆ ಎಂದು ನೆನಪಾಗದೆ ಹಿಂದೆ ಬಂದೆ.

ಈಗ ಹಗ್ಗದ ವಿಷಯ. ಅದಕ್ಕಾಗಿಯೇ ಈ ಪತ್ರ ಶುರುಮಾಡಿದ್ದು, ಸುತ್ತಿ ಬಳಸಿ ಈಗ ಬಂದೆ. ಇವತ್ತು ಬೆಳಿಗ್ಗೆ ಹಗ್ಗದ ತರಗತಿ ಇತ್ತು. ನಿನಗೆ ವಿವರಿಸುವುದೇ ವಿಚಿತ್ರ, ಆ ಹಗ್ಗದಲ್ಲಿ ಬೆಳೆದವಳು ನೀನು. ಕಿಟಕಿಯ ಸರಳಿನಿಂದ ಆಚೆ ಗೋಡೆಯ ಮೊಳೆಗೆ ಹಗ್ಗ, ನಡುವೆ ಕೆಂಪು ದಾರದ ಗಂಟು. ಗಂಟಿನ ಹತ್ತಿರ ಅಚ್ಚುಕಟ್ಟಾದ ಉದಾಹರಣೆಯ ಚೀಟಿ, ದೂರ ಹೋದಷ್ಟೂ ಅನುಮಾನದ್ದು. ಹಕ್ಕಿ ಎಂದರೆ ಗುಬ್ಬಿ ಗಂಟಿನ ಪಕ್ಕ, ಕೋಳಿ ಸ್ವಲ್ಪ ಆಚೆ, ಬಾತುಕೋಳಿ ಇನ್ನೂ ಆಚೆ. ಬಾವಲಿಯ ಚೀಟಿ ಹಿಡಿದವರು ಗೋಡೆಯ ಹತ್ತಿರ ತಬ್ಬಿಬ್ಬಾಗಿ ನಿಲ್ಲುತ್ತಾರೆ. ಯಾವ ಗುಂಪಿಗೂ ಬೇಲಿ ಇಲ್ಲ, ನಡು ಇದೆ, ಅಂಚು ಮಸುಕು ಎಂದು ತೋರಿಸುವುದಕ್ಕೆ ಅಷ್ಟು ಸಾಕು. ನೀನು ಚಿಕ್ಕವಳಿದ್ದಾಗ ಆ ಗೋಡೆಯಲ್ಲಿ ಮೊಳೆಯೇ ಇರಲಿಲ್ಲ. ಹಗ್ಗದ ಆ ತುದಿ ನಿನ್ನ ಕೈಯಲ್ಲಿ. ಎರಡು ಕೈಯಲ್ಲೂ ಹಿಡಿದು, ಹಿಂದಕ್ಕೆ ಬಾಗಿ, ಮುಖ ಕೆಂಪಾಗುವಂತೆ ಎಳೆದುಕೊಂಡು ನಿಲ್ಲುತ್ತಿದ್ದೆ. ವಿದ್ಯಾರ್ಥಿಗಳು ಬೇಕೆಂದೇ ನಿಧಾನ ಮಾಡುತ್ತಿದ್ದರು, ನೀನು ಬಿಡುತ್ತಿರಲಿಲ್ಲ. ಗುಬ್ಬಿಯ ಚೀಟಿ ಗಂಟಿನ ಮೇಲೇ ಇರಬೇಕೆಂದು ಹಟ ಮಾಡಿ ಆ ಹೆಸರು ಗಿಟ್ಟಿಸಿಕೊಂಡವಳು.

ಹಕ್ಕಿ ಆದಮೇಲೆ ಕುರ್ಚಿ, ಬಟ್ಟಲು, ಕೊನೆಗೆ 'ತಾಯಿ'. ಒಂದು ವರ್ಷ 'ಸಾಕಿದವಳು' ಎಂಬ ಚೀಟಿ ಗಂಟಿನಿಂದ ಸ್ವಲ್ಪ ಆಚೆ ತೂಗಿತು. ನಿನಗೆ ಆಗ ಓದಲು ಬರುತ್ತಿತ್ತು. ಮನೆಗೆ ಹೋಗುವ ದಾರಿಯಲ್ಲಿ, ಆ ಚೀಟಿ ಯಾಕೆ ದೂರ ಎಂದು ಕೇಳಿದೆ. ನಾನು ದೂರವೇನಲ್ಲ, ಒಂದು ಗೇಣು ಎಂದೆ. ನೀನು ಅಂಗೈ ಅಗಲಿಸಿ ನೋಡಿಕೊಂಡು, "ಯಾರ ಗೇಣು? ನಿನ್ನದಾ, ನನ್ನದಾ?" ಎಂದೆ. ಆ ಪ್ರಶ್ನೆಯನ್ನು ನಾನು ಆಮೇಲೆ ಪರೀಕ್ಷೆಯಲ್ಲೂ ಕೇಳಿದ್ದೇನೆ. ಯಾರೂ ಪೂರ್ತಿ ಅಂಕ ತೆಗೆದಿಲ್ಲ.

ಈ ವರ್ಷ ಬಟ್ಟಲಿಗೇ ನಿಲ್ಲಿಸಿಬಿಡೋಣ ಎಂದುಕೊಂಡಿದ್ದೆ. ಆದರೆ ಹಿಂದಿನ ವರ್ಷದವರು ಇವರಿಗೆ ಮೊದಲೇ ಹೇಳಿಬಿಟ್ಟಿದ್ದಾರೆ, 'ತಾಯಿ' ಯಾವಾಗ ಮೇಡಂ ಎಂದು ಒಂದೇ ಸಮನೆ ಕೇಳಿದರು. ಸರಿ, ಒಬ್ಬೊಬ್ಬರೂ ಒಂದೊಂದು ಚೀಟಿ ಬರೆಯಿರಿ ಎಂದೆ. ಅಟೆಂಡರು ನಮ್ಮ ಹಳೆಯ ನೂಲಿನ ಹಗ್ಗ ಲಡ್ಡಾಗಿದೆ ಎಂದು ಬಿಸಾಡಿ, ಹೊಸದಾಗಿ ನೈಲಾನಿನದು ಕಟ್ಟಿದ್ದರು. ಗೋಡೆಯ ಮೊಳೆ ಅಲ್ಲಾಡುತ್ತಿದೆ, ಬಿಗಿ ಎಳೆದರೆ ಗಾರೆ ಸಮೇತ ಕಿತ್ತು ಬರುತ್ತದೆ ಎಂದು ಸಡಿಲವಾಗಿಯೇ ಕಟ್ಟಿದ್ದರು. ನಾನು ಗಮನಿಸಲಿಲ್ಲ. ಮಕ್ಕಳು ಜೆಮ್ ಕ್ಲಿಪ್ಪು ಬಿಚ್ಚಿ ಕೊಕ್ಕೆ ಮಾಡಿ ಚೀಟಿಗಳನ್ನು ತೂಗುಹಾಕುತ್ತ ಹೋದರು. 'ಹೆತ್ತವಳು' ಬಹಳ ಬಂದವು. 'ಸಾಕಿದವಳು' ಬಂತು, 'ಮಲತಾಯಿ' ಬಂತು, 'ಅಜ್ಜಿ' ಬಂತು, ವಕೀಲನದು 'ದೊಡ್ಡಮ್ಮ'. ಮಾತು ಕಡಿಮೆಯ ಆ ಹುಡುಗಿ 'ಅಪ್ಪ' ಎಂದು ಬರೆದು ತಂದು, ಎಲ್ಲಿ ಹಾಕಲಿ ಎಂದು ಕೇಳದೆ ಗೋಡೆಯ ತುದಿಯಲ್ಲಿ ಹಾಕಿ ತಲೆತಗ್ಗಿಸಿಕೊಂಡು ಹೋಗಿ ಕೂತಳು. ಎಲ್ಲರದೂ ಆಗುವ ಹೊತ್ತಿಗೆ ಹಗ್ಗ ಭಾರಕ್ಕೆ ಜೋತಿತ್ತು. ಮೊದಲು ಒಂದು ಚೀಟಿ ಜಾರಿತು. ಆಮೇಲೆ ಅದರ ಹಿಂದೆಯೇ ಇನ್ನೊಂದು. ನೋಡನೋಡುತ್ತಿದ್ದಂತೆ ಎರಡೂ ಕಡೆಯಿಂದ ಎಲ್ಲವೂ ಸರಸರನೆ ಜಾರಿ ಬಂದು ನಡುವಿನ ಗಂಟಿನ ಮೇಲೆ ಒಂದರ ಮೇಲೊಂದು ಬಿದ್ದು ಗೊಂಚಲಾದವು. 'ಅಪ್ಪ' ಕೊನೆಗೆ ಬಂದು ಮೇಲೆ ಕೂತಿತು. ತರಗತಿಯಲ್ಲಿ ನಗು ತಡೆಯಲಾಗಲಿಲ್ಲ. ವಕೀಲ ಹಿಂದಿನಿಂದ, "ಕೇಸ್ ಖುಲಾಸೆ ಮೇಡಂ, ಎಲ್ಲಾರೂ ಅಮ್ಮಂದಿರೇ" ಎಂದ. ಆ ಹುಡುಗಿಯೂ ನಗುತ್ತಿದ್ದಳು.

ಇದರಲ್ಲೂ ಒಂದು ಪಾಠ ಹುಡುಕಬೇಡ ಎಂದು ನೀನು ಹೇಳುತ್ತೀಯ. ಹುಡುಕಲಿಲ್ಲ. ಹುಡುಕಲು ಹೊರಟಿದ್ದೆ ನಿಜ. ಹಗ್ಗವನ್ನು ಎತ್ತಿ ಹಿಡಿದು, ಹಿಡಿಯುವವರು ಬಿಗಿಯಾಗಿ ಹಿಡಿದರೆ ಮಾತ್ರ ಈ ದೂರ ಹತ್ತಿರಗಳೆಲ್ಲ, ಎಂದು ಏನೋ ಶುರುಮಾಡಿದೆ. ಅಷ್ಟರಲ್ಲಿ ಮುಂದಿನ ಬೆಂಚಿನಿಂದ ಯಾರೋ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ "ಅಬ್ಬಾ, ಸೆಕೆ" ಎಂದರು. ವಕೀಲ ಎದ್ದ, ಕಿಟಕಿ ತೆಗೆದ, ಕೂತ. ಮೊದಲ ದಿನದ ಪಾಠವೆಂಬ ನೆನಪೂ ಅವನಿಗೆ ಇದ್ದಂತಿರಲಿಲ್ಲ. ನಾನು ಹೇಳುತ್ತಿದ್ದ ವಾಕ್ಯ ಅರ್ಧಕ್ಕೇ ನಿಂತಿತು. ಏನು ಹೇಳಲು ಹೊರಟಿದ್ದೆ ಎಂದು ಮಕ್ಕಳನ್ನೇ ಕೇಳಿದೆ, ಅವರಿಗೂ ಗೊತ್ತಿರಲಿಲ್ಲ. ಗಂಟೆಗೆ ಮುಂಚೆಯೇ ಬಿಟ್ಟುಬಿಟ್ಟೆ. ಹಗ್ಗ ಹಾಗೇ ಇದೆ, ಗೊಂಚಲು ಸಮೇತ. ಬಿಚ್ಚಲು ಅಟೆಂಡರು ಬಂದಿದ್ದರು, "ನಾಳೆ ಬಿಚ್ಚಿ" ಎಂದೆ.

ಇಲ್ಲಿಂದ ಮುಂದೆ ಮನೆಯಲ್ಲಿ ಬರೆಯುತ್ತಿದ್ದೇನೆ, ಅಡುಗೆಮನೆಯ ಕಟ್ಟೆಯ ಮೇಲೆ, ನಿಂತುಕೊಂಡೇ. ಅಕ್ಷರ ಕೆಟ್ಟಿದ್ದರೆ ಕ್ಷಮಿಸು. ನಿನ್ನ ಕಿಟಕಿಯ ಗಿಡಗಳಿಗೆ ನೀರು ಹಾಕುತ್ತಿದ್ದೇನೆ, ದಪ್ಪ ಎಲೆಯದು ಯಾಕೋ ಬಾಗಿದೆ. ಮಾಮ ಈಗಷ್ಟೇ ಬಂದು, ಎರಡು ಲೋಟ ಚಹಾ ಕುಡಿದು, ನನ್ನ ಮುಖ ನೋಡಿ, ಲೋಟ ತಾನೇ ತೊಳೆದಿಟ್ಟು ಹೋದ. ಅವನ ಮಟ್ಟಿಗೆ ಅದು ದೊಡ್ಡ ವಿಷಯ. ನೀನು ಒಮ್ಮೆ ನನ್ನ ಕಿವಿ ಪರೀಕ್ಷೆ ಮಾಡಿದ್ದು ನೆನಪಿದೆಯೇ? ಆ ಪುಟ್ಟ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗೆಲ್ಲ ಬೆರಳೆತ್ತಲು ಹೇಳಿದ್ದೆ. ಒಂದೂ ತಪ್ಪಿರಲಿಲ್ಲ. "ಕಿವಿ ಸರಿಯಾಗಿದೆ ಮೇಡಮ್ಮ. ಕೆಲಸ ಮಾಡದೇ ಇರೋದು ಬೇರೆ ಏನೋ" ಎಂದು ವರದಿ ಬರೆದುಕೊಡುವವಳಂತೆ ಗಂಭೀರವಾಗಿ ಹೇಳಿದ್ದೆ. ಆಗ ಅದನ್ನು ತಮಾಷೆ ಎಂದುಕೊಂಡೆ.

ಅವರಿಗೆ ನನ್ನ ನಮಸ್ಕಾರ ಹೇಳು. ಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಇಡಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಗಿರಾಕಿಗಳಿಗೆ ಹೆದರಿ ಕಣ್ಣು ಹಾಳುಮಾಡಿಕೊಳ್ಳಬೇಡ. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ, ಯಾರ ಮನೆಯಲ್ಲಿದ್ದರೂ ಬೆಚ್ಚಗಿರು.

ನಿನ್ನ
ಮೇಡಮ್ಮ

ತಾ. ಕ.: ಅಂಚೆಗೆ ಹಾಕಲು ಹೊರಟು ಬಾಗಿಲು ಎಳೆದುಕೊಳ್ಳುವಾಗ ಶಾಲು ಮುಖಕ್ಕೆ ತಗುಲಿತು. ಬೆಳಗಿನಿಂದ ಇದೊಂದನ್ನೇ ಬಿಟ್ಟು ಉಳಿದದ್ದೆಲ್ಲ ಬರೆದಿದ್ದೇನೆ. ನಮ್ಮ ಮನೆಯಲ್ಲಿ ಸೂಜಿಯಿಂದ ಹಿಡಿದು ನನ್ನ ಕನ್ನಡಕದವರೆಗೆ ಯಾವುದು ಎಲ್ಲಿದೆ ಎಂದು ನನಗೆ ಹೇಳುವವಳು ನೀನು. ಶಾಲನ್ನು ಆ ಮೊಳೆಗೆ ಹಾಕಿದವಳೂ ನೀನೇ. ಅದು ಎಲ್ಲಿದೆ ಎಂದು ತಿಳಿಯಲು ನೀನು ಫೋನ್ ಮಾಡಿರಲಿಲ್ಲ. ಚಳಿ ಎಂದರೆ ನಾನು ಹವಾಮಾನ ಹೇಳಿದೆ. ಆ ಹುಡುಗ ಎದ್ದು ಕಿಟಕಿ ತೆಗೆಯುತ್ತಾನೆ, ನಾನು ಮೇಲಿನ ಮಹಡಿ ಅಲ್ವಾ ಅದಕ್ಕೆ ಎನ್ನುತ್ತೇನೆ. ಶುಕ್ರವಾರ ಈ ಪತ್ರ ನಿನಗೆ ಸಿಗಬೇಕು. ಶನಿವಾರ ಸಂಜೆಯ ರೈಲಿನಲ್ಲಿ ನಾನು ಬರುತ್ತೇನೆ, ಈಗಷ್ಟೇ ಕೆಳಗಿಳಿದು ಹೇಳಿದೆ, ಮಾಮ ಟಿಕೆಟ್ ಮಾಡಿಸಿದ. ಫೋನಿನಲ್ಲಿ ಹೇಳಿದರೆ ಬೇಡ ಎಂದುಬಿಡುತ್ತೀಯ, ಅದಕ್ಕೇ ಹೇಳುವುದಿಲ್ಲ. ಕರೆದುಕೊಂಡು ಹೋಗಲು ಬರುತ್ತಿಲ್ಲ, ಗಾಬರಿಯಾಗಬೇಡ. ಶಾಲು ಕೊಡುತ್ತೇನೆ, ಒಂದಷ್ಟು ದಿನ ಮಿಷಿನಿನ ಪೆಡಲು ತುಳಿಯುತ್ತೇನೆ. ಈ ಕಾಲುಗಳು ಹೇಗೂ ಸುಮ್ಮನಿರುವುದಿಲ್ಲ. ತಿಂಗಳ ಕೊನೆಗೆ ಆಸ್ಪತ್ರೆಗೆ ಹೋಗಬೇಕೆನಿಸಿದರೆ ಹೋಗು, ಅವರ ಜೊತೆ ನಾನಿರುತ್ತೇನೆ. ಇಲ್ಲೇ ಇರುತ್ತೇನೆ ಎಂದರೆ ಅದನ್ನೂ ಎದುರಿಗೆ ಕೂತು ಹೇಳು, ಕೂರುತ್ತೇನೆ. ಬಾಗಿಲಲ್ಲಿ ಅವರನ್ನು ಏನೆಂದು ಕರೆಯಬೇಕು ಎಂಬುದೊಂದೇ ಉಳಿದಿತ್ತು. ವಯಸ್ಸಿನಲ್ಲಿ ನನಗಿಂತ ಚಿಕ್ಕವರಿರಬಹುದು, ಆದರೂ ನಿನ್ನ ಹತ್ತಿರ ನನಗಿಂತ ಮೊದಲು ಬಂದವರು. ಅಕ್ಕ ಎನ್ನುತ್ತೇನೆ. ಮೊದಲೇ ಹೇಳಿಟ್ಟಿರು.